ಎರಡನೇ ಪಿನ್ನೋ, ಹದಿಮೂರನೆಯದೋ

ಫೇಸ್ ಲಾಕ್ಡ್ ಲೂಪ್ ಅಂದರೆ ಪಿಎಲ್‌ಎಲ್‌ನ ಪಾಠ ಎಲ್ಲ ಪುಸ್ತಕಗಳಲ್ಲೂ ಮೂರು ಚೌಕಗಳಿಂದ ಶುರುವಾಗುತ್ತದೆ: ಫೇಸ್ ಡಿಟೆಕ್ಟರ್, ಫಿಲ್ಟರ್, ವೋಲ್ಟೇಜಿಗೆ ತಕ್ಕಂತೆ ಆವರ್ತನ ಬದಲಿಸುವ ಆಸಿಲೇಟರ್ ಅಥವಾ ವಿಸಿಒ. ಬಂದ ಸಿಗ್ನಲ್ಲಿಗೂ ವಿಸಿಒಗೂ ಎಷ್ಟು ಅಂತರವಿದೆ ಎಂದು ಡಿಟೆಕ್ಟರ್ ಹೇಳುತ್ತದೆ, ಫಿಲ್ಟರ್ ಅದನ್ನು ಸರಾಸರಿ ಮಾಡುತ್ತದೆ, ವಿಸಿಒ ತನ್ನನ್ನು ತಿದ್ದಿಕೊಳ್ಳುತ್ತದೆ; ಎರಡೂ ಹೊಂದಿಕೊಂಡು ನಿಂತರೆ ಲೂಪ್ ಲಾಕ್ ಆಯಿತು ಎನ್ನುತ್ತಾರೆ. 1932ರಲ್ಲಿ ಫ್ರಾನ್ಸಿನ ಆನ್ರಿ ದ ಬೆಲ್ಸಿಝ್ ರೇಡಿಯೊ ಗ್ರಹಣಕ್ಕಾಗಿ ಬರೆದ ಲೇಖನದಿಂದ ಇವತ್ತಿನ ಮೊಬೈಲಿನವರೆಗೂ ತತ್ವ ಇದೇ. ಆದರೆ ಮೊದಲ ಚೌಕ ಒಂದೇ ಬಗೆಯದಲ್ಲ ಎಂಬ ಸತ್ಯವನ್ನು ಪುಸ್ತಕದ ಚಿತ್ರ ಮುಚ್ಚಿಡುತ್ತದೆ. ಅದನ್ನು ಬಿಚ್ಚಿ ತೋರಿಸಿದ ಚಿಪ್ಪು ಸಿಡಿ4046.

1970ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ತಂದ ಈ ಹದಿನಾರು ಪಿನ್ನಿನ ಸಿಮಾಸ್ ಚಿಪ್ಪಿನಲ್ಲಿ ಫೇಸ್ ಡಿಟೆಕ್ಟರ್‌ಗಳು ಎರಡು. ಒಂದರ ಔಟ್‌ಪುಟ್ 2ನೇ ಪಿನ್ನಿನಲ್ಲಿ, ಇನ್ನೊಂದರದು 13ನೆಯದರಲ್ಲಿ. ಯಾವುದನ್ನು ಫಿಲ್ಟರಿಗೆ ಜೋಡಿಸಬೇಕು ಎಂಬುದನ್ನು ಸರ್ಕ್ಯೂಟ್ ಕಟ್ಟುವವರೇ ತೀರ್ಮಾನಿಸಬೇಕು. ಈ ಚಿಪ್ಪಿನ ದೊಡ್ಡ ಗುಣ ಇದೇ ಎಂದು ನನ್ನ ಅಭಿಪ್ರಾಯ.

2ನೇ ಪಿನ್ನಿನದು ಬರೀ ಒಂದು ಎಕ್ಸ್‌ಕ್ಲೂಸಿವ್ ಆರ್ ಗೇಟ್. ಎರಡು ಇನ್‌ಪುಟ್ ಬೇರೆ ಬೇರೆ ಇದ್ದಾಗ ಔಟ್‌ಪುಟ್ ಮೇಲೆ, ಒಂದೇ ಇದ್ದಾಗ ಕೆಳಗೆ. ಆವರ್ತನ ಬೇರೆಯಾಗಿದ್ದರೆ ಅದರಿಂದ ಹೊರಡುವುದು ಬೀಟ್ ಮಾತ್ರ; ತಂಬೂರಿಯ ಎರಡು ತಂತಿ ಶ್ರುತಿ ಸೇರದಿದ್ದಾಗ ಕೇಳುವ ಅಲೆಯ ಹಾಗೆ. ಆವರ್ತನ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಅದು ಎಷ್ಟು ದೂರದ ಸಿಗ್ನಲ್ಲನ್ನು ಹಿಡಿಯಬಲ್ಲದು ಎಂಬುದು ಫಿಲ್ಟರಿನ ಮೇಲೆ ನಿಂತಿದೆ. ವಿಸಿಒ ವ್ಯಾಪ್ತಿಯ ನಡುವೆ ಲಾಕ್ ಆದಾಗಲೂ ಎರಡು ಅಲೆಗಳ ನಡುವೆ 90 ಡಿಗ್ರಿ ಅಂತರ ಉಳಿಯುತ್ತದೆ. ಸಿಗ್ನಲ್ ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ ಇರದಿದ್ದರೆ ಲೆಕ್ಕ ತಪ್ಪುತ್ತದೆ. ನಿಜವಾದ ಆವರ್ತನದ ಮೂರು ಪಟ್ಟಿನಲ್ಲಿ ತಪ್ಪಾಗಿ ಲಾಕ್ ಆಗುವ ಅಪಾಯವೂ ಇದೆ.

ಇಷ್ಟು ಓದಿದವರು 13ನೇ ಪಿನ್ನೇ ಮೇಲು ಎನ್ನುತ್ತಾರೆ. ಹವ್ಯಾಸಿಗಳ ಬಹಳಷ್ಟು ಸರ್ಕ್ಯೂಟ್‌ಗಳೂ ಅದೇ ನಂಬಿಕೆಯ ಮೇಲೆ ನಿಂತಿವೆ. ಅದು ಅಲೆಯ ಏರು ಅಂಚುಗಳನ್ನಷ್ಟೇ ಗಮನಿಸುತ್ತದೆ. ಸಿಗ್ನಲ್ಲಿನ ಅಂಚು ಮೊದಲು ಬಂದರೆ ವಿಸಿಒದ ಅಂಚು ಬರುವ ತನಕ ಫಿಲ್ಟರಿನ ಕೆಪಾಸಿಟರಿಗೆ ಚಾರ್ಜ್ ತುಂಬುತ್ತದೆ; ವಿಸಿಒದ ಅಂಚು ಮೊದಲಾದರೆ ಅಷ್ಟು ಹೊತ್ತು ಖಾಲಿ ಮಾಡುತ್ತದೆ. ಎರಡೂ ಸೇರಿದರೆ ಕೈಬಿಟ್ಟು ಸುಮ್ಮನಿರುತ್ತದೆ, ಕೆಪಾಸಿಟರ್ ತನ್ನ ವೋಲ್ಟೇಜನ್ನು ಹಿಡಿದುಕೊಳ್ಳುತ್ತದೆ. ಅಂಚುಗಳ ನೆನಪಿರುವುದರಿಂದ ಆವರ್ತನ ಹೆಚ್ಚೋ ಕಡಿಮೆಯೋ ಎಂಬುದೂ ಅದಕ್ಕೆ ಗೊತ್ತು. ವಿಸಿಒ ತಲುಪಬಲ್ಲ ಯಾವುದೇ ಆವರ್ತನವನ್ನು ಅದು ಹುಡುಕಿ ಹಿಡಿಯುತ್ತದೆ, ಫೇಸ್ ಅಂತರವನ್ನು ಸೊನ್ನೆಗೆ ತರುತ್ತದೆ. ಅಚ್ಚುಕಟ್ಟಾದ ಕೆಲಸ, ನಿಜ.

ಇನ್ನು ಸಿಗ್ನಲ್ ತಂತಿಯನ್ನು 14ನೇ ಪಿನ್ನಿನಿಂದ ಕಿತ್ತು ನೋಡಿ. 2ನೇ ಪಿನ್ ಜೋಡಿಸಿದ್ದರೆ ವಿಸಿಒ ತನ್ನ ನಡು ಆವರ್ತನಕ್ಕೆ ಬಂದು ನಿಂತು ಕಾಯುತ್ತದೆ. 13ನೆಯದಾಗಿದ್ದರೆ ಆವರ್ತನ ಇಳಿಯುತ್ತಾ ಹೋಗಿ ತಳ ಮುಟ್ಟುತ್ತದೆ. ಸಿಗ್ನಲ್ಲಿನ ಒಂದೇ ಒಂದು ಅಂಚು ತಪ್ಪಿದರೂ ಅದು ಆವರ್ತನ ಬಿದ್ದುಹೋಯಿತೆಂದು ತಿಳಿಯುತ್ತದೆ. ಗದ್ದಲದಲ್ಲಿ ಒಂದು ಸುಳ್ಳು ಅಂಚು ಬಂದರೆ ಏರಿತೆಂದು ತಿಳಿಯುತ್ತದೆ. ಎಕ್ಸ್‌ಕ್ಲೂಸಿವ್ ಆರ್ ಹಾಗಲ್ಲ. ಅದು ಒಂದು ಇಡೀ ಅಲೆಯನ್ನು ಇನ್ನೊಂದರಿಂದ ಗುಣಿಸಿದಂತೆ ಮಾಡಿ ಸರಾಸರಿ ನೋಡುವುದರಿಂದ ಒಂದೆರಡು ತಪ್ಪುಗಳನ್ನು ನುಂಗಿಕೊಳ್ಳುತ್ತದೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೊದ 32 ಮೀಟರ್ ಆಂಟೆನಾ ಇದೆ. ಅಂತಹ ಕೇಂದ್ರಗಳಿಗೆ ಆಳ ಅಂತರಿಕ್ಷದಿಂದ ಬರುವ ಕ್ಷೀಣ ಸಿಗ್ನಲ್ಲನ್ನು ಹಿಂಬಾಲಿಸುವ ಲೂಪ್‌ಗಳು ಈ ಗುಣಾಕಾರದ ವಂಶದವು. ಅಲ್ಲಿ ಅಂಚು ಎಣಿಸುತ್ತಾ ಕೂತರೆ ಎಣಿಕೆಗೆ ಸಿಗುವುದು ಗದ್ದಲ ಮಾತ್ರ. ಕ್ರಿಸ್ಟಲ್‌ನ ಶುದ್ಧ ಅಲೆಯನ್ನು ಆಧಾರವಾಗಿಟ್ಟುಕೊಂಡು ಆವರ್ತನ ಹುಟ್ಟಿಸುವ ಸಿಂಥಸೈಜರಿನಲ್ಲಿ ಮಾತ್ರ 13ನೇ ಪಿನ್ನಿನ ಬಗೆಯ ಡಿಟೆಕ್ಟರಿಗೆ ಸಾಟಿಯಿಲ್ಲ. ಫ್ಲಾಯ್ಡ್ ಗಾರ್ಡ್ನರ್ ಅವರು 1980ರಲ್ಲಿ, ಹೀಗೆ ಚಾರ್ಜ್ ತುಂಬಿ ಖಾಲಿ ಮಾಡುವ ಚಾರ್ಜ್ ಪಂಪ್ ಲೂಪ್‌ಗಳ ಗಣಿತ ಬರೆದುಕೊಟ್ಟ ಮೇಲೆ ಆ ದಾರಿ ಇನ್ನಷ್ಟು ಗಟ್ಟಿಯಾಯಿತು.

ಕೊರತೆಗಳ ವಿಷಯಕ್ಕೆ ಬರೋಣ. 13ನೇ ಪಿನ್ನಿನ ದೊಡ್ಡ ದೋಷ ಲಾಕ್ ಆದ ಜಾಗದಲ್ಲೇ ಇದೆ. ಅಂಚುಗಳ ಅಂತರ ಕೆಲವೇ ನ್ಯಾನೊಸೆಕೆಂಡಿಗೆ ಇಳಿದಾಗ ಔಟ್‌ಪುಟ್ ಟ್ರಾನ್ಸಿಸ್ಟರಿಗೆ ಪೂರ್ತಿ ತೆರೆದುಕೊಳ್ಳಲು ಸಮಯ ಸಾಲುವುದಿಲ್ಲ. ಆಗ ಲೂಪ್ ಕಡಿದಂತೆಯೇ. ವಿಸಿಒ ತನ್ನಷ್ಟಕ್ಕೆ ಸರಿಯುತ್ತದೆ, ತಪ್ಪು ದೊಡ್ಡದಾದ ಮೇಲೆ ಒಂದು ತಿದ್ದುಪಡಿ ಬೀಳುತ್ತದೆ. ಇದನ್ನೇ ಡೆಡ್ ಝೋನ್ ಎನ್ನುವುದು. ಮುಂದೆ ಫಿಲಿಪ್ಸ್‌ನವರು 74ಎಚ್‌ಸಿಟಿ9046ಎ ಚಿಪ್ಪಿನಲ್ಲಿ ಕರೆಂಟ್ ಆಧಾರಿತ ಚಾರ್ಜ್ ಪಂಪ್ ಹಾಕಿ ಇದನ್ನು ತೊಡೆದರು. ವಿಸಿಒದ ಮೇಲೂ ನನ್ನ ದೂರಿದೆ: ಸಪ್ಲೈ ವೋಲ್ಟೇಜ್ ಬದಲಾದರೆ ಆವರ್ತನ ಬದಲು, ಚಿಪ್ಪಿನಿಂದ ಚಿಪ್ಪಿಗೂ ಬದಲು. ಡೇಟಾಶೀಟಿನ ಗ್ರಾಫ್ ನಂಬಿ ರೆಸಿಸ್ಟರ್ ಆರಿಸಿದರೆ ಅದು ಅಂದಾಜಿಗೆ ಮಾತ್ರ ಸಾಕು.

ಇನ್ನೊಂದು ಸೂಕ್ಷ್ಮ ವಿಷಯವನ್ನು ಆರ್‌ಸಿಎ ಎಂಜಿನಿಯರುಗಳು ಚೆನ್ನಾಗಿ ಯೋಚಿಸಿದ್ದರು. ಕೆಪಾಸಿಟರ್ ಮೇಲಿನ ವೋಲ್ಟೇಜ್ ನೋಡಲು ವಿಸಿಒದ ಇನ್‌ಪುಟ್ ಆದ 9ನೇ ಪಿನ್ನಿಗೆ ಪ್ರೋಬ್ ಇಟ್ಟರೆ ಆ ಪ್ರೋಬಿನ 10 ಮೆಗಾಓಮ್ ಮೂಲಕವೇ ಚಾರ್ಜ್ ಸೋರುತ್ತದೆ. ಸೋರಿದ್ದನ್ನು ತುಂಬಲು 13ನೇ ಪಿನ್ನಿನಲ್ಲಿ ಪ್ರತಿ ಸುತ್ತಿಗೂ ಸಣ್ಣ ಪಲ್ಸ್ ಏಳುತ್ತದೆ. ಅಳೆಯುವ ಕೈಯೇ ಫೇಸ್ ಕೆಡಿಸುತ್ತದೆ. ಅದಕ್ಕೆಂದೇ 10ನೇ ಪಿನ್ನಿನಲ್ಲಿ ಒಂದು ಬಫರ್ ಇದೆ. ಅಲ್ಲಿಂದ ನೆಲಕ್ಕೆ ಒಂದು ರೆಸಿಸ್ಟರ್ ಹಾಕಿ ಅಲ್ಲೇ ನೋಡಬೇಕು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಪಿಎಲ್‌ಎಲ್ ಪ್ರಯೋಗ ಹೆಚ್ಚಾಗಿ ಲಾಕ್ ರೇಂಜ್ (ಆದ ಲಾಕ್ ಉಳಿಯುವ ವ್ಯಾಪ್ತಿ), ಕ್ಯಾಪ್ಚರ್ ರೇಂಜ್ (ಹೊಸದಾಗಿ ಲಾಕ್ ಆಗಬಲ್ಲ ವ್ಯಾಪ್ತಿ) ಎಂಬ ಎರಡು ಸಂಖ್ಯೆ ಬರೆದಲ್ಲಿಗೆ ಮುಗಿಯುತ್ತದೆ. 13ನೇ ಪಿನ್ನಿನಲ್ಲಿ ಆ ಎರಡೂ ಒಂದೇ ಬರುತ್ತವೆ. ಯಾಕೆ ಎಂಬ ಪ್ರಶ್ನೆ ರೆಕಾರ್ಡ್ ಪುಸ್ತಕದಲ್ಲಿಲ್ಲ. ಲೂಪ್ ತನ್ನ ಇನ್‌ಪುಟ್ಟನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತದೆ ಎಂಬುದೇ ವಿಷಯದ ತಿರುಳಾಗಿರುವಾಗ ಅದನ್ನು ಬಿಟ್ಟು ಸಂಖ್ಯೆ ಕೇಳುವುದು ಅನ್ಯಾಯ. 4046 ಈಗಲೂ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಚಿಪ್ಪು. ಲ್ಯಾಬ್ ನಡೆಸುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಎರಡು ಪಿನ್ನುಗಳ ನಡುವೆ ಒಂದು ಸ್ವಿಚ್ ಹಾಕಿ. ಸಿಗ್ನಲ್ಲಿಗೆ ಗದ್ದಲ ಬೆರೆಸಿ, ಆಮೇಲೆ ಸಿಗ್ನಲ್ಲನ್ನೇ ಕಿತ್ತುಹಾಕಿ. ಏನಾಯಿತು, ಯಾಕಾಯಿತು ಎಂದು ಮಕ್ಕಳಿಂದಲೇ ಬರೆಸಿ.