ಎರಡನೆಯ ನೋಟ

ಬ್ಯುಂಗ್-ಹ್ಯುನ್ ಕಿಮ್ ಎಂದೊಡನೆ ಬೇಸ್‌ಬಾಲ್ ಬಲ್ಲವರ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ. 2001ರ ನವೆಂಬರ್ 1ರ ರಾತ್ರಿ, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ, ವರ್ಲ್ಡ್ ಸೀರೀಸಿನ ಐದನೆಯ ಪಂದ್ಯ. ಅರಿಜೋನಾ ಡೈಮಂಡ್‌ಬ್ಯಾಕ್ಸ್ ಗೆಲ್ಲಲು ಇನ್ನೊಂದೇ ಔಟ್ ಬೇಕು. ಸ್ಕಾಟ್ ಬ್ರೋಶಿಯಸ್ ಹೊಡೆದ ಚೆಂಡು ಬೇಲಿ ದಾಟುತ್ತದೆ, ಇಪ್ಪತ್ತೆರಡರ ಹರೆಯದ ಕಿಮ್ ಮೌಂಡಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ. ಹಿಂದಿನ ರಾತ್ರಿ ಟೀನೋ ಮಾರ್ಟಿನೆಜ್ ಮತ್ತು ಡೆರೆಕ್ ಜೀಟರ್ ಕೂಡ ಕಿಮ್ ಎಸೆತಗಳನ್ನು ಹೀಗೇ ಹೊಡೆದಿದ್ದರು. ಎರಡು ರಾತ್ರಿ, ಮೂರು ಹೋಮ್ ರನ್. ಅಷ್ಟಕ್ಕೆ ಒಂದು ಕಥೆ ಸಿದ್ಧವಾಯಿತು: ದೊಡ್ಡ ವೇದಿಕೆಯಲ್ಲಿ ಎದೆಗುಂದಿ, ಮುಂದೆಂದೂ ಚೇತರಿಸಿಕೊಳ್ಳದ ಪಿಚರ್ ಇವರು. ಎರಡು ದಶಕಗಳಿಂದ ಚಲಾವಣೆಯಲ್ಲಿರುವ ಈ ಕಥೆ ತಪ್ಪು ಎಂಬುದು ನನ್ನ ವಾದ.

‘ಮುಂದೆಂದೂ’ ಎಂಬ ಮಾತನ್ನೇ ಮೊದಲು ಪರೀಕ್ಷಿಸೋಣ. ಮರುವರ್ಷ, 2002ರಲ್ಲಿ, ಕಿಮ್ ಪಡೆದದ್ದು 36 ಸೇವ್‌ಗಳು, ಅಂದರೆ ಮುನ್ನಡೆ ಕಾಯ್ದು ಮುಗಿಸಿಕೊಟ್ಟ ಪಂದ್ಯಗಳು. ಒಂಬತ್ತು ಇನಿಂಗ್ಸಿಗೆ ಬಿಟ್ಟುಕೊಟ್ಟ ರನ್‌ಗಳ ಲೆಕ್ಕ, ಅಂದರೆ ಇಆರ್‌ಎ, ಕೇವಲ 2.04. ಆಲ್-ಸ್ಟಾರ್ ತಂಡಕ್ಕೂ ಆಯ್ಕೆಯಾದರು. ಮೇ ತಿಂಗಳಲ್ಲಿ ಫಿಲಡೆಲ್ಫಿಯಾ ವಿರುದ್ಧ ಒಂದು ಇನಿಂಗ್ಸಿನ ಮೂವರನ್ನೂ ಒಂಬತ್ತೇ ಎಸೆತಗಳಲ್ಲಿ ಸ್ಟ್ರೈಕ್‌ಔಟ್ ಮಾಡಿದರು. ಜೂನ್‌ನಲ್ಲಿ ಅದೇ ಯಾಂಕೀ ಸ್ಟೇಡಿಯಂನ ಅದೇ ಮೌಂಡಿನಿಂದ ಪಂದ್ಯ ಗೆಲ್ಲಿಸಿಕೊಟ್ಟು, ಕೈಗೆ ಬಂದ ಚೆಂಡನ್ನು ದೂರದ ಬೇಲಿಯತ್ತ ಬೀಸಿ ಎಸೆದರು. ಮನಸ್ಸು ಮುರಿದವರ ವರ್ಷ ಹೀಗಿರುವುದಿಲ್ಲ. ಅವರ ಇಡೀ ವೃತ್ತಿಜೀವನದ ಅತ್ಯುತ್ತಮ ಋತು ಬಂದದ್ದು ಆ ಎರಡು ರಾತ್ರಿಗಳ ನಂತರ. ಕಥೆ ಹೇಳುವವರು ಈ ವರ್ಷವನ್ನು ಒಂದು ವಾಕ್ಯದಲ್ಲಿ ದಾಟಿಹೋಗುತ್ತಾರೆ.

ಅದೇ ಸರಣಿಯ ಏಳನೆಯ ಪಂದ್ಯವನ್ನೂ ನೋಡಬೇಕು. ಒಂದು ರನ್ ಮುನ್ನಡೆಯಿದ್ದಾಗ ಒಂಬತ್ತನೆಯ ಇನಿಂಗ್ಸಿನಲ್ಲಿ ಯಾಂಕೀಸ್‌ನ ಚೆಂಡು ಮರಿಯಾನೊ ರಿವೇರಾ ಕೈಯಲ್ಲಿತ್ತು. ಅವರೇ ಒಂದು ಥ್ರೋ ತಪ್ಪಿದರು, ಮುನ್ನಡೆ ಕರಗಿತು, ಅರಿಜೋನಾದ ಲೂಯಿಸ್ ಗೊನ್ಸಾಲೆಸ್ ಹೊಡೆತಕ್ಕೆ ಸರಣಿಯೇ ಕೈಬಿಟ್ಟಿತು. ಕಿಮ್ ಸೋತದ್ದು ಪಂದ್ಯಗಳನ್ನು, ರಿವೇರಾ ಸೋತದ್ದು ಕಿರೀಟವನ್ನು. ಆದರೂ ರಿವೇರಾ ಅವರ ಮನೋಬಲವನ್ನು ಯಾರೂ ಶಂಕಿಸಲಿಲ್ಲ. ರಿವೇರಾ ಹಿಂದೆ ವರ್ಷಗಳ ಸಾಧನೆಯಿತ್ತು ಎಂದು ವಾದಿಸಬಹುದು, ನಿಜವೇ. ಆದರೆ ಹಾಗೆ ವಾದಿಸುವವರು ಒಂದನ್ನು ಒಪ್ಪಿಕೊಂಡಂತಾಯಿತು: ನಾವು ತೂಗುತ್ತಿರುವುದು ಎಸೆತವನ್ನಲ್ಲ, ಎಸೆದವರ ಹೆಸರನ್ನು. ಸೆಪ್ಟೆಂಬರ್ 11ರ ದಾಳಿಯ ನೋವಿನಲ್ಲಿದ್ದ ನ್ಯೂಯಾರ್ಕಿಗೆ ಆ ದಿನಗಳಲ್ಲಿ ಒಂದು ಪವಾಡ ಬೇಕಿತ್ತು. ಪವಾಡದ ಕಥೆಯಲ್ಲಿ ಕುಸಿಯಲು ಒಬ್ಬರು ಇರಲೇಬೇಕು. ಇಂಗ್ಲಿಷಿನಲ್ಲಿ ತನ್ನ ಪರ ತಾನೇ ಮಾತಾಡಲಾಗದ ಕೊರಿಯಾದ ತರುಣರೊಬ್ಬರು ಆ ಜಾಗಕ್ಕೆ ಸಿಕ್ಕರು.

ಕಿಮ್ ಪರ ಮರುಕವುಳ್ಳವರದು ಇನ್ನೊಂದು ಪಾಠ: ತಪ್ಪೆಲ್ಲ ಮ್ಯಾನೇಜರ್ ಬಾಬ್ ಬ್ರೆನ್ಲಿಯದು. ನಾಲ್ಕನೆಯ ಪಂದ್ಯದಲ್ಲಿ 60ಕ್ಕೂ ಹೆಚ್ಚು ಎಸೆತ ಎಸೆಸಿ, ಮರುರಾತ್ರಿಯೇ ಮತ್ತೆ ಇಳಿಸಿದ್ದು ಸರಿಯೇ? ಸರಿಯಲ್ಲ. ಆದರೆ ಈ ಪಾಠವೂ ನನಗೆ ಸಾಲದು. ಇದು ಕಿಮ್ ಅವರನ್ನು ದಣಿದ ತೋಳೊಂದಕ್ಕೆ ಇಳಿಸುತ್ತದೆ, ಅವರ ಕಲೆಯನ್ನು ನೋಡುವುದೇ ಇಲ್ಲ.

ಆ ಕಲೆ ಏನು? ಕಿಮ್ ಸಬ್‌ಮರೀನ್ ಶೈಲಿಯ ಪಿಚರ್. ಮೈ ಬಗ್ಗಿಸಿ, ಕೈಯನ್ನು ನೆಲದ ಹತ್ತಿರದಿಂದ ಬೀಸಿ ಬಿಡುತ್ತಿದ್ದ ಚೆಂಡು ಬ್ಯಾಟರ್ ಎದುರು ಮೇಲೇಳುವಂತೆ ಕಾಣುತ್ತಿತ್ತು. ಸ್ಲೈಡರ್ ಅಂತೂ ಫ್ರಿಸ್ಬಿಯಂತೆ ಅಡ್ಡಕ್ಕೆ ತೇಲುತ್ತಿತ್ತು. 2000ದಲ್ಲಿ ಸುಮಾರು 70 ಇನಿಂಗ್ಸಿನಲ್ಲಿ 111 ಸ್ಟ್ರೈಕ್‌ಔಟ್ ಬಂದದ್ದು ವೇಗ ಒಂದರಿಂದಲೇ ಅಲ್ಲ, ಆ ಅಪರಿಚಿತತೆಯಿಂದ. ಬ್ಯಾಟರ್‌ಗಳ ಕಣ್ಣಿಗೆ ಆ ಕೋನದ ಅಭ್ಯಾಸವೇ ಇರಲಿಲ್ಲ. ಹಾಗಾಗಿ ಈ ಕಲೆಯ ಶತ್ರು ಎರಡನೆಯ ನೋಟ. ಕ್ರಿಕೆಟ್ ಬಲ್ಲ ನಮಗೆ ಇದು ಹೊಸದಲ್ಲ. 2008ರ ಏಷ್ಯಾ ಕಪ್ ಫೈನಲ್‌ನಲ್ಲಿ 13 ರನ್‌ಗೆ ಭಾರತದ 6 ವಿಕೆಟ್ ಕಿತ್ತ ಅಜಂತ ಮೆಂಡಿಸ್ ಅವರ ಬೆರಳುಗಳನ್ನು ಬ್ಯಾಟರ್‌ಗಳು ಓದಲು ಕಲಿತ ಮೇಲೆ ಏನಾಯಿತೆಂದು ನೋಡಿದ್ದೇವೆ.

ಈಗ ಆ ಎರಡು ರಾತ್ರಿಗಳಿಗೆ ಮರಳಿ. ನಾಲ್ಕನೆಯ ಪಂದ್ಯದ ಎಂಟನೆಯ ಇನಿಂಗ್ಸಿನಲ್ಲಿ ಕಿಮ್ ಎದುರಿಸಿದ ಮೂವರೂ ಸ್ಟ್ರೈಕ್‌ಔಟ್. ಅವರಲ್ಲಿ ಬ್ರೋಶಿಯಸ್ ಒಬ್ಬರು. ಜೀಟರ್ ಒಂಬತ್ತನೆಯದರಲ್ಲಿ ಬಂಟ್ ಮಾಡಲು ಹೋಗಿ ಔಟಾದರು, ಹತ್ತನೆಯದರಲ್ಲಿ ಮತ್ತೆ ಬಂದು ಎಸೆತದ ಮೇಲೆ ಎಸೆತ ನೋಡಿ, ಕೊನೆಗೆ ಹೊಡೆದರು. ಮರುರಾತ್ರಿ ಹೊಡೆದ ಬ್ರೋಶಿಯಸ್‌ಗೆ ಅದು ಎರಡು ದಿನದಲ್ಲಿ ಮೂರನೆಯ ಭೇಟಿ. ಮಾರ್ಟಿನೆಜ್ ಮಾತ್ರ ನನ್ನ ವಾದಕ್ಕೆ ಒಗ್ಗುವುದಿಲ್ಲ. ಅವರು ಹೊಡೆದದ್ದು ಮೊದಲ ಭೇಟಿಯ ಮೊದಲ ಎಸೆತವನ್ನೇ. ಆದರೆ ಅವರು ಎಡಗೈ ಬ್ಯಾಟರ್. ತಗ್ಗಿನಿಂದ ಬೀಸುವ ಬಲಗೈ ಪಿಚರ್‌ನ ಚೆಂಡು ಎಡಗೈಯವರಿಗೆ ಬೇಗ ಕಾಣುತ್ತದೆ ಎಂಬುದು ಈ ಶೈಲಿಯಷ್ಟೇ ಹಳೆಯ ದೌರ್ಬಲ್ಯ. ಮೂರು ಹೊಡೆತಗಳಿಗೂ ಕಾರಣ ಕರಕುಶಲದಲ್ಲೇ ಇರುವಾಗ ಮನಸ್ಸಿನೊಳಗೆ ಇಣುಕುವ ಅಗತ್ಯ ಏನಿತ್ತು?

ಇದೇ ಅಳತೆಗೋಲು ಕಿಮ್ ಅವರಿಗೂ ಕಠಿಣವಾಗಿ ಅನ್ವಯಿಸಬೇಕು. ಅವರಿಗೆ ಸ್ಟಾರ್ಟರ್ ಆಗುವ ಹಂಬಲ. ಪಂದ್ಯದ ಕೊನೆಯ ಇನಿಂಗ್ಸಿಗೆ ಕಟ್ಟುಬೀಳದೆ ಮೊದಲಿನಿಂದ ತಾನೇ ಪಂದ್ಯ ಕಟ್ಟಬೇಕೆಂಬ ಆ ಆಸೆಯನ್ನು ಹಟಮಾರಿತನ ಎಂದವರ ಜೊತೆ ನಾನಿಲ್ಲ. ಅದು ಕಲಾವಿದರ ನ್ಯಾಯವಾದ ಆಸೆ. ಆದರೆ ತಪ್ಪು ಆಸೆ. ಸ್ಟಾರ್ಟರ್ ಒಬ್ಬ ಬ್ಯಾಟರ್‌ನನ್ನು ಒಂದೇ ಸಂಜೆ ಎರಡು ಮೂರು ಸಲ ಎದುರಿಸಬೇಕು. ತನ್ನ ಕಲೆಯ ಶತ್ರುವನ್ನು ಕಿಮ್ ತಾವೇ ಮನೆಗೆ ಕರೆದರು. ಕೊಲರಾಡೊ ರಾಕೀಸ್‌ನಲ್ಲಿ ಅವರ ಇಆರ್‌ಎ 2005ರಲ್ಲಿ 4.86, 2006ರಲ್ಲಿ 5.57. ರಾಕೀಸ್‌ನ ಊರಾದ ಡೆನ್ವರ್‌ನ ತೆಳುಗಾಳಿಯಲ್ಲಿ ಚೆಂಡು ತಿರುಗುವುದೂ ಕಡಿಮೆ. 2003ರ ಏಪ್ರಿಲ್‌ನಲ್ಲಿ ಮುರಿದ ಬ್ಯಾಟಿನ ತುಂಡು ಪಾದದ ಗಂಟಿಗೆ ಬಡಿದದ್ದನ್ನೂ ಇಲ್ಲಿ ಸೇರಿಸಬೇಕು. ಅಷ್ಟು ಬಗ್ಗಿ ಎಸೆಯುವವರಿಗೆ ಕಾಲೇ ಅಡಿಪಾಯ.

ಕಿಮ್ ಬಾಸ್ಟನ್ ತಂಡದಲ್ಲಿದ್ದಾಗಿನ ಪ್ರಸಂಗವನ್ನು ನಾನು ಸಮರ್ಥಿಸುವುದಿಲ್ಲ. 2003ರ ಅಕ್ಟೋಬರ್‌ನಲ್ಲಿ ತನ್ನನ್ನು ಹೀಗಳೆದ ಸ್ವಂತ ಪ್ರೇಕ್ಷಕರಿಗೆ ಮಧ್ಯದ ಬೆರಳು ತೋರಿಸಿದ್ದು ತಪ್ಪು. ಅದಕ್ಕೆ ಅವರು ಕ್ಷಮೆ ಕೇಳಿದರು. ಆದರೆ ಆ ಹೀಗಳಿಕೆಗೆ ನೆಪವಾದ ಓಕ್‌ಲ್ಯಾಂಡ್ ಪಂದ್ಯದಲ್ಲಿ, ಇನ್ನೊಂದೇ ಔಟ್ ಬೇಕಿದ್ದಾಗ ಕಿಮ್ ಅವರನ್ನು ಹೊರಗೆ ಕರೆಯಲಾಗಿತ್ತು. ಇಬ್ಬರು ಓಟಗಾರರನ್ನು ಬಿಟ್ಟುಹೋದದ್ದು ಅವರೇ, ಸಮಬಲದ ರನ್ ಬಂದದ್ದು ಮಾತ್ರ ಇನ್ನೊಬ್ಬರ ಎಸೆತದಲ್ಲಿ. ಆ ಹೊತ್ತಿಗೆ ಕಥೆ ಎಷ್ಟು ಗಟ್ಟಿಯಾಗಿತ್ತೆಂದರೆ ಪುರಾವೆ ಯಾರಿಗೂ ಬೇಕಿರಲಿಲ್ಲ.

86 ಸೇವ್, 806 ಸ್ಟ್ರೈಕ್‌ಔಟ್, 54 ಗೆಲುವು, 60 ಸೋಲು: 2007ಕ್ಕೆ ಮುಗಿದ ಮೇಜರ್ ಲೀಗ್ ಲೆಕ್ಕ ಇದು. ಮಹಾನ್ ಎನ್ನಲು ಸಾಲದು, ದುರಂತ ಎನ್ನಲು ಬಹಳ ಹೆಚ್ಚು. ಅಲ್ಲಿಂದಾಚೆ ಅವರು ಜಪಾನಿಗೆ ಹೋದರು, ಕೊರಿಯಾಕ್ಕೆ ಮರಳಿ ಹುಟ್ಟೂರು ಗ್ವಾಂಗ್ಜುವಿನ ತಂಡಕ್ಕೂ ಆಡಿದರು. ನಲವತ್ತರ ಹೊಸ್ತಿಲಲ್ಲಿ, 2018ರ ಕೊನೆಗೆ, ಆಸ್ಟ್ರೇಲಿಯಾದ ಮೆಲ್ಬರ್ನ್ ಏಸಸ್ ಸೇರಿ ಮತ್ತೆ ರಿಲೀಫ್ ಪಿಚರ್ ಆಗಿ ಮೌಂಡಿಗೆ ನಡೆದರು. ಆ ಕೋನವನ್ನು ಹಿಂದೆಂದೂ ಕಾಣದ ಬ್ಯಾಟರ್‌ಗಳ ಎದುರು, ಮೊದಲ ನೋಟವೊಂದನ್ನು ಅರಸಿ, ಕಿಮ್ ಇನ್ನೊಮ್ಮೆ ನೆಲದತ್ತ ಬಾಗಿದರು.