ಹಿರೋಷಿಮಾದ ಬಾಲಚಿತ್ರಗಳಲ್ಲಿ ರಸವಿಚಾರ

ಹಿರೋಷಿಮಾ ನಗರದ ಹೊಂಕಾವಾ ಪ್ರಾಥಮಿಕ ಶಾಲೆಯ ಮಕ್ಕಳು ಯುದ್ಧಾನಂತರದಲ್ಲಿ ಅಮೆರಿಕಾದ ಮಕ್ಕಳಿಗೆ ಬರೆದು ಕಳುಹಿಸಿದ ಚಿತ್ರಗಳ ಪ್ರತಿಗಳನ್ನು ನೋಡಿದ ವಿದ್ವನ್ಮಿತ್ರರೊಬ್ಬರು, “ಇವುಗಳಲ್ಲಿ ಕರುಣವೆಲ್ಲಿದೆ?” ಎಂದು ಆಕ್ಷೇಪಿಸಿದರು. ಮೇಲುನೋಟಕ್ಕೆ ಆಕ್ಷೇಪವು ಸಮಂಜಸವೇ. ಅಲ್ಲಿ ಪ್ರಧಾನವಾಗಿ ಕಾಣುವುವು ಹೂಬಿಟ್ಟ ಮರಗಳು, ಆಡುವ ಮಕ್ಕಳು, ತುಂಬುಬಣ್ಣಗಳು.

ಚಿತ್ರಗಳ ಪೂರ್ವವೃತ್ತಾಂತ ಹೀಗಿದೆ. 1945ನೆಯ ಆಗಸ್ಟ್ 6ರಂದು ಅಣುಬಾಂಬು ಸಿಡಿದ ಸ್ಥಳಕ್ಕೆ ಅರ್ಧ ಕಿಲೋಮೀಟರಿಗೂ ಕಡಮೆ ದೂರದಲ್ಲಿದ್ದ ಆ ಶಾಲೆಯ ಸುಮಾರು 400 ಮಕ್ಕಳು ಮಡಿದರು. ಮರುವರ್ಷದ ನವೆಂಬರಿನಲ್ಲಿ, ಅಣುಸ್ಫೋಟದ ಮೇಘದ ಆಕಾರದ ಕೇಕನ್ನು ಅಮೆರಿಕಾದ ನೌಕಾಧಿಕಾರಿಗಳು ಕತ್ತರಿಸುತ್ತಿರುವ ಛಾಯಾಚಿತ್ರವು ಪತ್ರಿಕೆಯಲ್ಲಿ ಬಂದಿತು. ವಾಷಿಂಗ್ಟನ್ನಿನ ಆಲ್ ಸೋಲ್ಸ್ ಚರ್ಚಿನ ಉಪದೇಶಕ ಪವೆಲ್ ಡೇವೀಸರು ಅದನ್ನು ಕಟುವಾಗಿ ಖಂಡಿಸಿದರು. ಇದರ ಫಲವಾಗಿ ಆ ಚರ್ಚಿನ ಮಕ್ಕಳು ಪೆನ್ಸಿಲು, ಬಣ್ಣದ ಕಡ್ಡಿ, ಕಾಗದ ಮೊದಲಾದುವನ್ನು ಅರ್ಧ ಟನ್ನಿನಷ್ಟು ಕೂಡಿಸಿ ಹಿರೋಷಿಮಾಕ್ಕೆ ಕಳುಹಿಸಿದರು. ಈ ಚಿತ್ರಗಳು ಅದಕ್ಕೆ ಪ್ರತ್ಯುಪಹಾರ.

ಇನ್ನು ರಸವಿಚಾರ. ರಸವು ಸ್ವಗತವಾಗಿ ತೋರುವುದೆಂದರೆ ಕರುಣದಲ್ಲಿ ದುಃಖವೇ ಉಂಟಾಗಬೇಕಾದೀತು ಎಂಬುದು ಭಟ್ಟನಾಯಕನ ಯುಕ್ತಿ. ತನ್ನ ಒಡಹುಟ್ಟಿದವನನ್ನು ಕಳೆದುಕೊಂಡ ಬಾಲಕನ ಶೋಕವು ಲೌಕಿಕವಾದುದು. ಅದು ಸುಡುತ್ತದೆಯೇ ಹೊರತು ಆಸ್ವಾದ್ಯವಾಗದು. ಸಾಧಾರಣೀಕರಣವು ಸಹೃದಯನಲ್ಲಿ ನಡೆಯತಕ್ಕದ್ದು. ಹಾಗಿರಲು ನೋಡುವ ನಮ್ಮಲ್ಲಿ ಹುಟ್ಟಬೇಕಾದ ಕರುಣವನ್ನು ಮಗುವಿನ ಕಾಗದದ ಮೇಲೆ ಹುಡುಕುವುದು ಆಶ್ರಯವನ್ನೇ ತಪ್ಪಿದಂತೆ. ಸತ್ತವರ ಲೆಕ್ಕವನ್ನು ತಿಳಿದು ಆ ಹೂಮರವನ್ನು ನೋಡಿದವನಿಗೆ ಗಂಟಲು ಕಟ್ಟದಿದ್ದರೆ ಕೊರತೆಯು ಚಿತ್ರದ್ದಲ್ಲ.

1938ರಲ್ಲಿ ನ್ಯೂಯಾರ್ಕಿನಲ್ಲಿ ಆಲ್ಡಸ್ ಹಕ್ಸ್‌ಲಿಯ ಮುನ್ನುಡಿಯೊಡನೆ ಪ್ರಕಟವಾದ ಸ್ಪೇನಿನ ಮಕ್ಕಳ 60 ಚಿತ್ರಗಳಲ್ಲಿ ಬಾಂಬೆಸೆಯುವ ವಿಮಾನಗಳು ಮತ್ತೆ ಮತ್ತೆ ಬರುತ್ತವೆಯಲ್ಲ, ಎಂದು ಮಿತ್ರರು ಕೇಳಬಹುದು. ಬರುತ್ತವೆ, ನಿಜ. ಆ ಮಕ್ಕಳು ಕಂಡದ್ದನ್ನು ಬರೆದರು. ಅದರ ಬೆಲೆಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಅರ್ಥದ ವ್ಯಂಜಕತೆಗೆ ವಕ್ತೃ, ಬೋದ್ಧವ್ಯ, ದೇಶ, ಕಾಲಗಳ ವೈಶಿಷ್ಟ್ಯವು ಕಾರಣವೆಂದು ಮಮ್ಮಟನು ಹೇಳಿರುವುದನ್ನು ನಾವು ಕಾವ್ಯಪ್ರಕಾಶದ ಪಾಠಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ. ಸ್ಪೇನಿನ ಚಿತ್ರಗಳು ಗ್ರಂಥರೂಪದಲ್ಲಿ ಹೋದುದು ದೂರದ ಹಿರಿಯರ ಕೈಗೆ, ಅವರ ನೆರವನ್ನು ಬಯಸಿ. ಹೊಂಕಾವಾದ ಚಿತ್ರಗಳಿಗೆ ಬೋದ್ಧವ್ಯನು ಪೆನ್ಸಿಲು ಕಳುಹಿಸಿದ ಸಮವಯಸ್ಕ. ಉಡುಗೊರೆಗೆ ಉತ್ತರವಾಗಿ ಯಾವ ಮಗು ತಾನೆ ಬೂದಿಯನ್ನು ಕಳುಹಿಸೀತು? ಪಡೆದವನು ಕೊಡುವವನೂ ಆದನು. ಆ ಮಕ್ಕಳಿಗೆ ಒದಗಿದ ಚಿಕಿತ್ಸೆ, ಅಂಥದೊಂದು ಇದ್ದರೆ, ಇದೇ ಎಂದು ನನ್ನ ಮತ.

ಆದರೂ ಇಲ್ಲಿನ ಮೌನವನ್ನೆಲ್ಲ ಧ್ವನಿಯೆಂದು ಕೊಂಡಾಡುವ ಉತ್ಸಾಹಿಗಳಿಗೆ ಒಂದು ಮಾತು. 1945ರ ಸೆಪ್ಟೆಂಬರಿನಿಂದಲೇ ಜಪಾನಿನ ಪತ್ರಿಕೆಗಳ ಮೇಲೆ ಅಮೆರಿಕಾದ ಸೇನಾಧಿಕಾರದ ನಿರ್ಬಂಧವಿದ್ದಿತು; ಬಾಂಬಿನ ವಿಷಯವನ್ನು ಹಿರಿಯರೇ ಬಿಚ್ಚಿ ಬರೆಯುವಂತಿರಲಿಲ್ಲ. ದೇಶಕಾಲವೈಶಿಷ್ಟ್ಯದಲ್ಲಿ ಇದೂ ಸೇರುತ್ತದೆ. ಶಾಂತರಸವೆಂದು ತೀರ್ಮಾನಿಸುವುದಕ್ಕೆ ಮೊದಲು ಇದನ್ನು ತೂಗಿ ನೋಡಬೇಕು.

ಯುದ್ಧಪೀಡಿತ ಮಕ್ಕಳ ಕೈಗೆ ಬಣ್ಣ ಕೊಟ್ಟು, “ನೀನು ಕಂಡ ಯುದ್ಧವನ್ನೇ ಬರೆ” ಎಂದು ವಿಷಯವನ್ನು ವಿಧಿಸುವ ಉಪಾಧ್ಯಾಯರ ಬಗೆ ನನಗೆ ಒಪ್ಪಿಗೆಯಾಗದು. ಯಾರಿಗಾಗಿ ಬರೆಯುವುದೆಂಬುದನ್ನು ತಿಳಿಸಿದರೆ ಸಾಕು. ಹೊಂಕಾವಾದ ಚಿತ್ರಗಳು ಬಹುಕಾಲ ವಾಷಿಂಗ್ಟನ್ನಿನಲ್ಲಿಯೇ ಇದ್ದು, ಜೀರ್ಣೋದ್ಧಾರಗೊಂಡು, 2010ರಲ್ಲಿ ಪ್ರದರ್ಶನಕ್ಕಾಗಿ ಹಿರೋಷಿಮಾಕ್ಕೆ ಬಂದುವು. ಬರೆದವರಲ್ಲಿ ಕೆಲವರು ಮುಪ್ಪಿನಲ್ಲಿ ಅವನ್ನು ಮತ್ತೆ ಕಂಡರು.