ಕೊಂಡಿ ಕಡಿಯುವ ಹಕ್ಕು

ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2018ರ ಆಗಸ್ಟ್ 7ರಂದು ಕೊಟ್ಟ ಕೊರ್ಡೋಬಾ ತೀರ್ಪಿಗೆ ಅದರ ಯೋಗ್ಯತೆ ಮೀರಿದ ಹೆಸರು ಬಂದಿದೆ. ‘ಲಿಂಕ್ ಕೊಡಿ, ಕಾಪಿ ಮಾಡಬೇಡಿ’ ಎಂದು ಮೇಷ್ಟ್ರುಗಳಿಗೆ ಬುದ್ಧಿ ಹೇಳುವವರಿಗೆ ಅದೇ ಪ್ರಮಾಣ.

ಪ್ರಕರಣ ಚಿಕ್ಕದು. ಜರ್ಮನಿಯ ವಾಲ್ಟ್ರೋಪ್‌ನ ಶಾಲೆಯೊಂದರಲ್ಲಿ ಸ್ಪ್ಯಾನಿಷ್ ಪಾಠಕ್ಕೆಂದು ಬರೆದ ಪ್ರಬಂಧದಲ್ಲಿ, ಪ್ರವಾಸಿ ಜಾಲತಾಣದಿಂದ ಇಳಿಸಿಕೊಂಡ ಕೊರ್ಡೋಬಾ ನಗರದ ಚಿತ್ರವಿತ್ತು. ಎಲ್ಲಿಂದ ತಂದದ್ದೆಂದೂ ನಮೂದಿಸಲಾಗಿತ್ತು. ಶಾಲೆ ಪ್ರಬಂಧವನ್ನು ತನ್ನ ತಾಣದಲ್ಲಿ ಹಾಕಿತು. ಛಾಯಾಗ್ರಾಹಕರು 400 ಯೂರೋ ಪರಿಹಾರ ಕೇಳಿದರು. ಎಲ್ಲರಿಗೂ ತೆರೆದಿರುವ ಪುಟಕ್ಕೆ ಲಿಂಕ್ ಕೊಡಲು ಅನುಮತಿ ಬೇಡವೆಂದು ಅದೇ ನ್ಯಾಯಾಲಯದ 2014ರ ಸ್ವೆನ್ಸನ್ ತೀರ್ಪು ಹೇಳಿಯಾಗಿತ್ತು. ಈ ಚಿತ್ರವೂ ಎಲ್ಲರಿಗೂ ತೆರೆದೇ ಇತ್ತಲ್ಲ? ನ್ಯಾಯಾಲಯ ಒಪ್ಪಲಿಲ್ಲ. ಹಕ್ಕುದಾರ ಮೂಲಚಿತ್ರ ತೆಗೆದರೆ ಲಿಂಕ್ ಕೆಲಸಕ್ಕೆ ಬಾರದಾಗುತ್ತದೆ, ಪ್ರತಿ ಮಾತ್ರ ಉಳಿದುಬಿಡುತ್ತದೆ ಎಂದಿತು.

ಇಡೀ ತೀರ್ಪಿನ ಭಾರ ಈ ಒಂದು ಮಾತಿನ ಮೇಲಿದೆ. ಹಕ್ಕುದಾರನ ಕಡೆಯಿಂದ ಅದು ಸರಿ. ಪಾಠದ ಕಡೆಯಿಂದ ನೋಡಿ: ನ್ಯಾಯಾಲಯ ಲಿಂಕಿನ ಗುಣವೆಂದು ಎತ್ತಿಹಿಡಿದದ್ದೇ ತರಗತಿಯಲ್ಲಿ ಅದರ ದೋಷ. ಜೂನ್‌ನಲ್ಲಿ ಕೊಟ್ಟ ಲಿಂಕ್ ಪರೀಕ್ಷೆಯ ಹೊತ್ತಿಗೆ ತೆರೆಯದೆ ಹೋಗಬಹುದು. ಅದಕ್ಕಿಂತ ಕೆಟ್ಟದ್ದು, ಅದೇ ವಿಳಾಸದಲ್ಲಿ ತಿದ್ದಿದ ಬರಹ ಕೂತಿರಬಹುದು. ಆಗ ಮೇಷ್ಟ್ರು ಒಂದನ್ನು ಕಲಿಸಿರುತ್ತಾರೆ, ಹುಡುಗರು ಇನ್ನೊಂದನ್ನು ಓದಿರುತ್ತಾರೆ. ಪಠ್ಯ ಯಾವಾಗ ಮರೆಯಾಗಬೇಕೆಂದು ನಿರ್ಧರಿಸುವವನು ಶಾಲೆಯ ಹೊರಗಿರುತ್ತಾನೆ. ಶಿಕ್ಷಣದ ಹಕ್ಕಿನ ವಾದಕ್ಕೆ ನ್ಯಾಯಾಲಯ ಕೊಟ್ಟ ಉತ್ತರವಂತೂ ತೀರ ಬಡವಾದದ್ದು: ಬೋಧನೆಗೆ ವಿನಾಯಿತಿ ಕೊಡಲು ಒಕ್ಕೂಟದ 2001ರ ಹಕ್ಕುಸ್ವಾಮ್ಯ ನಿರ್ದೇಶನದಲ್ಲಿ ಸದಸ್ಯ ದೇಶಗಳಿಗೆ ಅವಕಾಶವಿದೆ ಎಂಬಷ್ಟೇ. ಕೊಡಲೇಬೇಕೆಂದೇನೂ ಅಲ್ಲಿರಲಿಲ್ಲ.

ಶಾಲೆ ಪ್ರಬಂಧವನ್ನು ಲೋಕಕ್ಕೆಲ್ಲ ತೆರೆದಿಟ್ಟದ್ದು ತರಗತಿಯ ಮಿತಿ ದಾಟಿತ್ತು, ಒಪ್ಪೋಣ. ಆದರೆ ತೀರ್ಪಿನಿಂದ ಗೆರೆ ಸ್ಪಷ್ಟವಾಯಿತೆಂದು ಹೊಗಳುವ ವಿಮರ್ಶಕರು ಅದೇ ನ್ಯಾಯಾಲಯದ 2016ರ ಜಿಎಸ್ ಮೀಡಿಯಾ ತೀರ್ಪನ್ನು ಮರೆತಂತಿದೆ. ಅದರ ಪ್ರಕಾರ, ಅನುಮತಿಯಿಲ್ಲದೆ ಏರಿಸಿದ ಕೃತಿಯೆಂದು ಗೊತ್ತಿದ್ದೂ ಅಥವಾ ಗೊತ್ತಿರಬೇಕಾಗಿದ್ದೂ ಲಿಂಕ್ ಕೊಟ್ಟರೆ ಅದೂ ಉಲ್ಲಂಘನೆಯಾಗಬಲ್ಲದು. ಹಾಗಾದರೆ ಲಿಂಕ್ ಯಾವಾಗಲೂ ನಿರಪಾಯವೆಂಬ ಧೈರ್ಯ ಎಲ್ಲಿಂದ ಬಂತು?

ಈ ಯುರೋಪಿನ ಎಚ್ಚರಿಕೆಯನ್ನು ನಮ್ಮ ಮೇಷ್ಟ್ರುಗಳ ಮೇಲೆ ಹೇರುವವರ ಬಗ್ಗೆ ನನಗೆ ಹೆಚ್ಚಿನ ತಕರಾರಿದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಬೋಧನೆಯ ಭಾಗವಾಗಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಪ್ರತಿ ಮಾಡಿಕೊಳ್ಳುವುದನ್ನು ಉಲ್ಲಂಘನೆ ಎನ್ನುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ, 2016ರಲ್ಲಿ, ಅಲ್ಲಿನ ಹೈಕೋರ್ಟು ಬೋಧನೆಯೆಂದರೆ ತರಗತಿಯ ಒಂದು ಗಂಟೆಯಷ್ಟೇ ಅಲ್ಲವೆಂದು ವಿಶಾಲವಾಗಿ ಅರ್ಥೈಸಿತು. ಪಾಠಕ್ಕೆ ಬೇಕಾದ ಪುಟವನ್ನು ಇಳಿಸಿ, ಮೂಲ ಹೇಳಿ, ತಮ್ಮ ತರಗತಿಯ ಮಕ್ಕಳ ಕೈಗಿಡುವ ಮೇಷ್ಟ್ರನ್ನು ಕಳ್ಳರಂತೆ ಕಾಣಲು ಇಲ್ಲಿ ಕಾನೂನಿನ ಆಧಾರವಿಲ್ಲ.